ಮೂವತ್ತೇಳನೆಯ ನೋಟು

ನಮ್ಮ ಮನೆಯ ಒಲೆಯ ಮೇಲೆ ದಿನಾ ಬೆಳಿಗ್ಗೆ ಎರಡು ಪಾತ್ರೆಗಳು ಕುದಿಯುತ್ತಿದ್ದವು. ಒಂದರಲ್ಲಿ ಜೋಳದ ಅಂಬಲಿ, ಇನ್ನೊಂದರಲ್ಲಿ ಮೈದಾಹಿಟ್ಟಿನ ಅಂಟು. ದೂರದಿಂದ ಎರಡೂ ಒಂದೇ ತರಹ ಕಾಣುತ್ತಿದ್ದವು, ಒಂದೇ ತರಹ ಗುಳುಗುಳು ಎನ್ನುತ್ತಿದ್ದವು. ಅಂಟಿಗೆ ಹುಳ ಹಿಡಿಯದಿರಲೆಂದು ಅಪ್ಪ ಮೈಲುತುತ್ತದ ಪುಡಿ ಹಾಕುತ್ತಿದ್ದ. ಅದು ಹೊಟ್ಟೆಗೆ ಹೋದರೆ ಆಸ್ಪತ್ರೆಯೇ ಗತಿ. ಅದಕ್ಕೆಂದೇ ಅಮ್ಮ ಅಂಟಿನ ಪಾತ್ರೆಯ ಸುತ್ತ ಕೆಂಪು ಬಣ್ಣದ ಗೆರೆ ಎಳೆದಿದ್ದಳು. ಆದರೂ ಜಗಳ ತಪ್ಪುತ್ತಿರಲಿಲ್ಲ. ನನ್ನ ದಿನಚರಿಯ ಪ್ರಕಾರ ಆ ವರ್ಷ ಪಾತ್ರೆಯ ವಿಷಯಕ್ಕೆ ಮೂವತ್ತೊಂದು ಸಲ ಜಗಳವಾಗಿದೆ. ಅಪ್ಪ ಸಿದ್ದಪ್ಪ, ಆಂಧ್ರದ ಗಡಿಯ ಆದೋನಿಯ ಹತ್ತಿ ಮಾರುಕಟ್ಟೆಯ ದಲಾಲರಿಗೆ ಲೆಕ್ಕದ ಪುಸ್ತಕಗಳನ್ನು ಕಟ್ಟಿಕೊಡುವವನು. ಮನೆಯ ಪಡಸಾಲೆಯೇ ಅವನ ಅಂಗಡಿ. ಬಾಗಿಲಿಗೆ ಎದುರಾಗಿ ಕಬ್ಬಿಣದ ಪ್ರೆಸ್ಸು, ಗೋಡೆಯುದ್ದಕ್ಕೂ ಕೆಂಪು ಬಟ್ಟೆಯ ಸುರುಳಿಗಳು, ಕಿಟಕಿಯ ಕೆಳಗೆ ಅವನ ಚಾಪೆ. ಕತ್ತರಿಸಿ ಉಳಿದ ಹಾಳೆಗಳನ್ನು ಹೊಲಿದು ನನಗೆ ದಿನಚರಿಯ ಪುಸ್ತಕ ಮಾಡಿಕೊಡುತ್ತಿದ್ದ. ಐದನೆಯ ತರಗತಿಯಿಂದ ಇಲ್ಲಿಯವರೆಗೆ ಹನ್ನೊಂದು ಪುಸ್ತಕಗಳಾಗಿವೆ. ಶಾಲೆ ತೆಲುಗಿನಲ್ಲಿ, ದಿನಚರಿ ಕನ್ನಡದಲ್ಲಿ. ಈಗ ಬರೆಯುತ್ತಿರುವುದು ಮೂರನೆಯ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು. ಆಗ ನಾನು ಏಳನೆಯ ತರಗತಿ.

ನೋಟುಗಳನ್ನು ಕೂಡಿಡಲು ಶುರುಮಾಡಿದ್ದು ಸತ್ತ ನೋಟಿನಿಂದ. ಐನೂರು, ಸಾವಿರದ ಹಳೆಯ ನೋಟುಗಳು ರದ್ದಾಗಿ, ಬ್ಯಾಂಕಿಗೆ ಕಟ್ಟುವ ಗಡುವೂ ಮುಗಿದ ಮೇಲೆ, ಅಪ್ಪ ಒಬ್ಬ ದಲಾಲರ ಹಳೆಯ ಪುಸ್ತಕವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ರಟ್ಟಿನ ಒಳಗಿನಿಂದ ಒಂದು ಸಾವಿರದ ನೋಟು ಜಾರಿ ಬಿತ್ತು. ಅಪ್ಪ ಕೈಯಲ್ಲಿದ್ದ ಅಂಟು ಒರೆಸಿಕೊಂಡು, ಅಂಗಿ ಹಾಕಿಕೊಂಡು, ಬಿಸಿಲಲ್ಲಿ ಮಾರುಕಟ್ಟೆಯವರೆಗೆ ನಡೆದು ಅದನ್ನು ಕೊಡಲು ಹೋದ. ನಾನೂ ಹಿಂದೆ ಹೋಗಿದ್ದೆ. ದಲಾಲರು ನಕ್ಕರು.

"ಏಮಯ್ಯಾ ಸಿದ್ದಪ್ಪ, ಹೆಣ ಹೊತ್ಕೊಂಡು ಬಂದೀಯಲ್ಲ! ನಿನ್ನ ಮಗಳಿಗೆ ಕೊಡು, ಆಡ್ಲಿ."

"ನಿಮ್ಮದು ನಿಮಗ ತೋರಿಸ್ಬೇಕಲ್ರಿ. ಆಮ್ಯಾಲ ಏನಾರ ಮಾಡ್ರಿ," ಎಂದ ಅಪ್ಪ.

ಈ ಮಾತನ್ನು ನಾನು ಆ ದಿನವೇ ಬರೆದಿಟ್ಟೆ, ಕೆಳಗೆ ಎರಡು ಗೆರೆ ಎಳೆದು.

ಆ ರಾತ್ರಿ ಊಟಕ್ಕೆ ಮುಂಚೆ ಅಪ್ಪ ನೋಟನ್ನು ಬಲ್ಬಿಗೆ ಹಿಡಿದು ನೀರುಗುರುತು ತೋರಿಸಿದ. ನೋಟಿನ ಕಾಗದ ಮರದಿಂದ ಆಗುವುದಲ್ಲ, ಹತ್ತಿಯಿಂದ ಆಗುವುದು, ಅದಕ್ಕೇ ಜೇಬಿನಲ್ಲಿ ಬೆವರಿದರೂ ಕರಗುವುದಿಲ್ಲ ಎಂದು ಹೇಳಿದ. ನಮ್ಮೂರಿನ ಹತ್ತಿಯೇ ಇರಬೇಕೆಂದು ನಾನು ಸಂಶಯವಿಲ್ಲದೆ ನಂಬಿದೆ. ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿತ್ತು. ಕನ್ನಡ ನಾಲ್ಕನೆಯದು, ತೆಲುಗು ಹದಿನಾಲ್ಕನೆಯದು, ಉರ್ದು ಕೊನೆಯದು. ನಮ್ಮ ಓಣಿಯ ಮೂರೂ ಭಾಷೆಗಳು ಅಲ್ಲಿದ್ದವು. ಮರುದಿನ ಅಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಬಿಡಿಸಿ ತೆಗೆಯಲು ಬರುವಂತೆ ದಾರದಿಂದ ಕಟ್ಟಿ ಒಂದು ಆಲ್ಬಮ್ ಮಾಡಿಕೊಟ್ಟ, ಜೊತೆಗೆ ಒಂದು ರಿಜಿಸ್ಟರು. ನಾನು ಅಂಕಣ ಎಳೆದೆ: ಕ್ರಮಸಂಖ್ಯೆ, ದೇಶ, ಬಣ್ಣ, ಮುಂದಿನ ಚಿತ್ರ, ಹಿಂದಿನ ಚಿತ್ರ, ತೂತು ಮತ್ತು ಮಡಿಕೆ, ಯಾರು ಕೊಟ್ಟರು. ಹಾಳೆಯೊಳಗೆ ಸೇರಿದ ನೋಟನ್ನು ಯಾರೂ ಬರಿಗೈಯಿಂದ ಮುಟ್ಟಬಾರದು ಎಂಬ ನಿಯಮವನ್ನೂ ನಾನೇ ಮಾಡಿ ಮೊದಲ ಪುಟದಲ್ಲಿ ಬರೆದೆ.

ಕುವೈತಿಗೆ, ಸೌದಿಗೆ ದುಡಿಯಲು ಹೋದವರು ನಮ್ಮ ಓಣಿಯಲ್ಲೇ ನಾಲ್ಕು ಮಂದಿ ಇದ್ದರು. ಅವರ ಮನೆಯವರು ಸಣ್ಣಪುಟ್ಟ ನೋಟು ತಂದುಕೊಟ್ಟರು. ಅಪ್ಪನ ಗಿರಾಕಿಗಳು ತಮ್ಮ ಬಂಧುಗಳಿಂದ ಬೇಡಿ ತಂದರು. ಜಿಂಬಾಬ್ವೆಯ ನೋಟು ಬಂದ ದಿನ ಮನೆಯಲ್ಲಿ ಗದ್ದಲವೋ ಗದ್ದಲ. ಅದರ ಮೇಲೆ ಒಂದರ ಮೇಲೊಂದು ಕೂತ ಮೂರು ಬಂಡೆಗಳು, ಥೇಟು ನಮ್ಮ ಕೋಟೆಗುಡ್ಡದ ಬಂಡೆಗಳೇ. ಆ ದೇಶದವರು ನಮ್ಮ ಗುಡ್ಡ ನೋಡಿಯೇ ಚಿತ್ರ ಬರೆದಿದ್ದಾರೆ ಎಂದು ಅಜ್ಜಿ ಸಾಧಿಸಿದಳು. ಅಪ್ಪ ಮತ್ತು ನಾನು ನೋಟು ಹಿಡಿದುಕೊಂಡು ಗುಡ್ಡದ ಬುಡಕ್ಕೆ ಹೋಗಿ ಬಂಡೆ ಹೋಲಿಸಿ ನೋಡಿದೆವು. ನೂರರ ಪಕ್ಕ ಎಷ್ಟು ಸೊನ್ನೆ ಎಂದು ಎಣಿಸಿ ಅಮ್ಮ, ಇಷ್ಟು ಇದ್ದೂ ಒಂದು ರೊಟ್ಟಿ ಸಿಗಲಿಲ್ಲವಂತೆ ಅವರಿಗೆ, ಎಂದು ಬೆರಗಾದಳು. ಬರ್ಮಾದವರು ನಲವತ್ತೈದರ, ತೊಂಬತ್ತರ ನೋಟು ಅಚ್ಚು ಹಾಕಿದ್ದರು. ಅದನ್ನು ಚಿಲ್ಲರೆ ಮಾಡುವುದು ಹೇಗೆಂದು ನಾನು ಒಂದು ಪುಟ ಲೆಕ್ಕ ಹಾಕಿದ್ದೇನೆ. ಇಂಡೋನೇಷ್ಯಾದ ನೋಟಿನ ಮೇಲೆ ಗಣಪತಿ ಇದ್ದ. ಬೆಳಿಗ್ಗೆ ಎದ್ದು ನೋಡಿದರೆ ಇಪ್ಪತ್ತೆರಡನೆಯ ಹಾಳೆ ಖಾಲಿ. ಗಣಪತಿ ದೇವರ ಜಗಲಿಯ ಮೇಲೆ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ದಾಸವಾಳ ಹೊತ್ತು ಕೂತಿದ್ದ.

"ಅಜ್ಜೀ! ನೋಟು ಹಾಳಾತು!"

"ಏನ್ ಹಾಳಾತೇ? ದೇವರನ್ನ ಪ್ಲಾಸ್ಟಿಕ್ಕಿನಾಗ ಹಾಕಿ ಉಸುರು ಕಟ್ಟಿಸಿದಾಕಿ ನೀನು. ಬರೀ ನಿನ್ನ ಪುಸ್ತಕದಾಗ: ಕುಂಕುಮ ಒಂದು, ಅಜ್ಜಿ ಹಚ್ಚಿದ್ದು."

ಹಾಗೆಯೇ ಬರೆದಿದ್ದೇನೆ.

ಮೂವತ್ತೇಳನೆಯ ನೋಟು ಮಾತ್ರ ನನ್ನದಲ್ಲ. ಅದು ಎದುರುಮನೆಯ ಅಜ್ಜಿ ಮಾಬುನ್ನಿಯದು, ಓಣಿಯ ಮಕ್ಕಳೆಲ್ಲ ಆಕೆಯನ್ನು ನಾನಿ ಎನ್ನುತ್ತಿದ್ದೆವು. ನಾನಿಯ ಮನೆಯವರು ತಲೆತಲಾಂತರದಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಆಕೆಯ ಸೀರೆಯ ಮೇಲೆ, ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಇರುತ್ತಿತ್ತು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಚಿಟಿಕೆ ಹತ್ತಿ ಎಳೆದು, ಇದು ಎಮ್ಮಿಗನೂರು ಕಡೆಯದು, ಇದು ಹೊಳಗುಂದದ್ದು ಎಂದು ಹೇಳುತ್ತಿದ್ದಳು. ಆಕೆ ಕೊಟ್ಟದ್ದು ಹಳೆಯ ಹತ್ತು ರೂಪಾಯಿಯ ನೋಟು, ಆದರೆ ನೀಲಿ ಬಣ್ಣದ್ದು, ಮೇಲೆ ಇಂಗ್ಲಿಷಿನಲ್ಲಿ ಹಜ್ ಎಂದು ಬರೆದದ್ದು. ಒಂದು ಕಾಲದಲ್ಲಿ ಮೆಕ್ಕಾ ಯಾತ್ರೆಗೆ ಹೋಗುವವರು ಅಲ್ಲಿ ಖರ್ಚು ಮಾಡಲೆಂದೇ ನಮ್ಮ ಸರಕಾರ ಬೇರೆ ನೋಟು ಅಚ್ಚು ಹಾಕಿಸುತ್ತಿತ್ತು. ಅದು ಇಲ್ಲಿ ನಡೆಯುತ್ತಿರಲಿಲ್ಲ. ನಾನಿಯ ತಂದೆ ಮುಂಬಯಿಯಿಂದ ಹಡಗಿನಲ್ಲಿ ಹೋಗಿ ಬಂದಾಗ ಖರ್ಚಾಗದೆ ಉಳಿದದ್ದು ಅದೊಂದೇ. ಹಿಂಬದಿಯಲ್ಲಿ ಹಾಯಿ ಬಿಚ್ಚಿದ ಹಡಗಿನ ಚಿತ್ರವಿತ್ತು. ಅಬ್ಬಾ ಹೋದದ್ದು ಅದೇ ಹಡಗಿನಲ್ಲಿ ಎಂದು ನಾನಿ ನಂಬಿದ್ದಳು. ತಾನೂ ಮೆಕ್ಕಾಕ್ಕೆ ಹೋಗುವಾಗ ಅದನ್ನು ಎದೆಗಿಟ್ಟುಕೊಂಡು ಹೋಗಬೇಕು ಎಂಬುದು ಆಕೆಯ ಆಸೆ.

"ನನ್ನ ಮನ್ಯಾಗ ಇಟ್ಟರ ಮಕ್ಕಳು ಮಾರ್ತಾರ, ಇಲ್ಲಂದ್ರ ಗೆದ್ದಲು ತಿಂತೈತಿ. ನೀನು ಎಲ್ಲಾ ಬರ್ದು ಇಡ್ತಿ ಬೇಟಿ. ಇದು ಅಮಾನತ್. ಅಂದ್ರ ಏನು ಗೊತ್ತೇನು?"

"ಇಟ್ಕೊಳ್ಳಾದು."

"ಇಟ್ಕೊಳ್ಳಾದಲ್ಲ. ತಿರುಗಿ ಕೊಡಾದು."

ಅದನ್ನೂ ಬರೆದೆ. 'ಯಾರು ಕೊಟ್ಟರು' ಎಂಬ ಅಂಕಣದಲ್ಲಿ ಕೆಂಪು ಮಸಿಯಿಂದ 'ಅಮಾನತ್' ಎಂದಿದೆ.

ಅಂದಿನಿಂದ ಪ್ರತಿ ಶುಕ್ರವಾರ ನಾನು ಶಾಲೆಯಿಂದ ಬಂದ ಮೇಲೆ, ಇನ್ನೂ ಬಿಸಿಲಿರುವಾಗಲೇ, ನಾನಿ ನಮ್ಮ ಪಡಸಾಲೆಗೆ ಬರುತ್ತಿದ್ದಳು. ಅಮ್ಮ ತಟ್ಟೆಯಲ್ಲಿ ಮಂಡಕ್ಕಿಯ ಒಗ್ಗಾಣಿ, ಮೇಲೆ ಒಂದು ಮಿರ್ಚಿ ಬಜ್ಜಿ ಇಟ್ಟುಕೊಡುತ್ತಿದ್ದಳು. ತಿಂದು, ಕೈ ತೊಳೆದು, ಸೆರಗಿಗೆ ಒರೆಸಿ, ನಾನಿ ಬಾಗಿಲ ಕಡೆ ತಿರುಗಿ ಕೂರುವಳು. ನಾನು ಆಲ್ಬಮ್ಮಿನಿಂದ ಮೂವತ್ತೇಳನೆಯ ಹಾಳೆಯನ್ನು ಬಿಡಿಸಿ ಕೈಗಿಟ್ಟು, ರಿಜಿಸ್ಟರಿನಿಂದ ಗಟ್ಟಿಯಾಗಿ ಓದಬೇಕು: "ಭಾರತ. ಹತ್ತು ರೂಪಾಯಿ. ನೀಲಿ. ಹಿಂದೆ ಹಡಗು. ಮಡಿಕೆ ಒಂದು. ತೂತು ಎರಡು." ಆ ಕಾಲದಲ್ಲಿ ಬ್ಯಾಂಕಿನವರು ನೋಟಿನ ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದರು, ಆದ್ದರಿಂದ ಹಳೆಯ ನೋಟಿನ ಅಂಚಿನಲ್ಲಿ ತೂತಿಲ್ಲದೆ ಇರುವುದೇ ಕಡಿಮೆ. ನಾನು 'ತೂತು ಎರಡು' ಎಂದ ಕೂಡಲೇ ನಾನಿ ಹಾಳೆಯನ್ನು ಬೆಳಕಿಗೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಣಿಸುವಳು. "ಏಕ್. ದೋ. ಹಾಂ, ಅಬ್ಬಾಂದೇ." ಎಡಗಣ್ಣಿಗೆ ಆಗಲೇ ಪೊರೆ ಬಂದಿತ್ತು. ಅಪ್ಪ ಕಿಟಕಿಯ ಕೆಳಗೆ ಹೊಲಿಯುತ್ತಲೇ ಚೇಷ್ಟೆ ಮಾಡುವನು.

"ಮಾಬುನ್ನಮ್ಮ, ವಾರವಾರ ಎಣಿಸ್ತೀಯಲ್ಲ, ತೂತು ಮರಿ ಹಾಕ್ಯಾವೇನು?"

"ನೀ ಸುಮ್ಮ ಹೊಲಿಯೋ ಸಿದ್ದಪ್ಪ. ನಿನ್ನ ಪುಸ್ತಕಕ್ಕಿಂತ ನನ್ನ ಗಾದಿ ಹೊಲಿಗಿ ಗಟ್ಟಿ ಐತಿ."

ಹೀಗೆ ಇಪ್ಪತ್ತಾರು ಶುಕ್ರವಾರಗಳು. ರಿಜಿಸ್ಟರಿನ ಕೊನೆಯ ಪುಟದಲ್ಲಿ ಇಪ್ಪತ್ತಾರು ಗುರುತುಗಳಿವೆ.

ಆಮೇಲೆ ಬಳ್ಳಾರಿಯಿಂದ ಒಬ್ಬರು ಬಂದರು. ಹಳೆಯ ನಾಣ್ಯ, ನೋಟು ಮಾರುವವರು. ಬೆಲೆಪಟ್ಟಿಯ ದಪ್ಪ ಪುಸ್ತಕ ಹರಿದುಹೋಗಿತ್ತು, ಕಟ್ಟಿಸಲು ತಂದಿದ್ದರು. ಅಪ್ಪ ಹೆಮ್ಮೆಯಿಂದ ನನ್ನ ಆಲ್ಬಮ್ ತೋರಿಸಿದ. ಅವರು ಬೇಗಬೇಗ ಹಾಳೆ ತಿರುವಿದರು. ಗಣಪತಿಯ ಕುಂಕುಮ ನೋಡಿ ನಕ್ಕರು. ಮೂವತ್ತೇಳಕ್ಕೆ ಬಂದಾಗ ಕನ್ನಡಕ ಹಾಕಿಕೊಂಡರು.

"ಇದನ್ನ ಕೊಡ್ತೀಯೇನಮ್ಮಾ?"

"ನಮ್ಮದಲ್ರಿ. ಅಮಾನತ್."

"ಕೇಳಿದ್ರೇನ್ರಿ?" ಎಂದು ಅಪ್ಪ ನಕ್ಕ. "ನನ್ನ ಮಗಳ ಹತ್ತಿರ ನಿಮ್ಮ ಆಟ ನಡಿಯಂಗಿಲ್ಲ."

ಆ ಸಂಜೆ ದಿನಚರಿಯಲ್ಲಿ ಒಂದೇ ಸಾಲು ಇದೆ: ಅಪ್ಪ ನನ್ನ ಪರ ಮಾತಾಡಿದ.

ಅದಾದ ಮೇಲೆ ನಾನಿ ಮಗಳ ಬಾಣಂತನಕ್ಕೆಂದು ಎಮ್ಮಿಗನೂರಿಗೆ ಹೋಗಿ ಆರು ವಾರ ಅಲ್ಲೇ ಉಳಿದಳು. ಆ ಆರು ಚೌಕಗಳಲ್ಲಿ ಗುರುತಿಲ್ಲ. ಮೂರನೆಯ ವಾರದಲ್ಲಿ ಅಪ್ಪ ನನಗೊಂದು ಸೈಕಲ್ ತಂದ. ಕೆಂಪು ಬಣ್ಣದ್ದು, ಮುಂದೆ ಬುಟ್ಟಿ ಇದ್ದದ್ದು. ಮಾರುಕಟ್ಟೆಗೆ ಈ ಸಲ ಹತ್ತಿ ಜೋರು ಬಂದಿದೆ, ಪುಸ್ತಕದ ಕೆಲಸವೂ ಜೋರು ಎಂದ. ಅಲ್ಲಿಯವರೆಗೆ ನಾನು ಶಾಲೆಗೆ ಎರಡು ಕಿಲೋಮೀಟರು ನಡೆಯುತ್ತಿದ್ದೆ. ದಿನಚರಿಯಲ್ಲಿ ಹೊಸ ಅಂಕಣ ಬಂತು: ಸೈಕಲ್ ಮೇಲೆ ಹೋದ ದಿನ. ಬಿದ್ದದ್ದು ಎರಡು ಸಲ. ಓಣಿಯ ಹುಡುಗಿಯರನ್ನು ಹಿಂದೆ ಕೂರಿಸಿಕೊಂಡದ್ದು ಒಂಬತ್ತು ಸಲ. ಅಪ್ಪ ಹಿಂದೆ ಹಿಡಿದುಕೊಂಡು ಓಡಿಬಂದದ್ದು ನಾಲ್ಕು ಸಂಜೆ, ಐದನೆಯ ಸಂಜೆ ಹೇಳದೆ ಕೈಬಿಟ್ಟ. ನಾನು ತಿರುಗಿ ನೋಡಿದಾಗ ಬಹಳ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದ.

ನಾನಿ ಬಂದ ಶುಕ್ರವಾರ ಎಲ್ಲವೂ ಎಂದಿನಂತೆ ಆಯಿತು. ಒಗ್ಗಾಣಿ ತಿಂದಳು, ಕೈ ತೊಳೆದಳು. ನಾನು ಓದಿದೆ. 'ತೂತು ಎರಡು' ಎಂದೆ. ನಾನಿ ಹಾಳೆಯನ್ನು ಎತ್ತಿದಳು. ಇನ್ನಷ್ಟು ಎತ್ತಿದಳು. ಬಲಗಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

"ಬೇಟಿ, ಕಾಣವಲ್ದು."

"ಬಿಸಿಲಿಗೆ ಹಿಡಿ ನಾನಿ."

"ಹಿಡದೀನಿ. ಬೆಳಕು ಬರವಲ್ದು. ಈ ಕಣ್ಣೂ ಹೋತು." ಆಕೆಯ ದನಿ ಮೆತ್ತಗಾಯಿತು. "ಈ ಆಯ್ತಾರ ಅಲ್ಲ, ಮುಂದಿನ ಆಯ್ತಾರ ದೊಡ್ಡ ಶಾಲ್ಯಾಗ ಕಣ್ಣಿನ ಕ್ಯಾಂಪ್ ಐತಂತ. ಅಂಜಿಕೊಂಡು ಬ್ಯಾಡ ಅಂದಿದ್ದೆ. ಹೋಗಬೇಕು ಇನ್ನ."

ಆಕೆ ಹೋದ ಮೇಲೆ ನಾನು ಹಾಳೆಯನ್ನು ಕಿಟಕಿಗೆ ಹಿಡಿದೆ. ನೀರುಗುರುತು ಇರಲಿಲ್ಲ. ತೂತುಗಳ ಜಾಗದಲ್ಲಿ ಎರಡು ಕಂದು ಚುಕ್ಕೆಗಳಿದ್ದವು. ತೂತಿನ ಸುತ್ತಲ ತುಕ್ಕಿನ ಕಲೆಯೂ ಅಚ್ಚಾಗಿತ್ತು, ತೂತು ಮಾತ್ರ ಅಚ್ಚಾಗಿರಲಿಲ್ಲ. ಅದು ಕಲರ್ ಜೆರಾಕ್ಸು. ಬಳ್ಳಾರಿಯವರ ಮೇಲೆಯೇ ಅನುಮಾನ ಬಂತು. ಪುಸ್ತಕ ಒಯ್ಯಲು ಬಂದಾಗ ಬದಲಿಸಿರಬೇಕು ಎಂದುಕೊಂಡೆ. ಅಪ್ಪ ಬಜಾರಿನಿಂದ ಬರುವುದನ್ನೇ ಕಾದು, ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅಪ್ಪ ಚಪ್ಪಲಿ ಬಿಡದೆ ಕೇಳಿದ.

"ನಿನಗ ಹೆಂಗ ಗೊತ್ತಾತು?"

"ತೂತಿನಾಗ ಬೆಳಕು ಬರಂಗಿಲ್ಲಪ್ಪಾ. ಮೊದ್ಲಿನದು ಒಂದು ತೂತು ದುಂಡಗ ಇತ್ತು, ಇನ್ನೊಂದು ಹರಿದು ಜೀರಿಗಿ ಕಾಳಿನಂಗ ಉದ್ದ ಆಗಿತ್ತು. ಇದ್ರಾಗ ಎರಡೂ ಬರೀ ತುಕ್ಕಿನ ಕಲಿ."

"ಯಾವುದು ದುಂಡಗ? ಮ್ಯಾಲಿಂದೋ ಕೆಳಗಿಂದೋ?"

"ಮ್ಯಾಲಿಂದು."

ಅಪ್ಪ ಸ್ವಲ್ಪ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದ. "ನಾ ವಿಚಾರಿಸ್ತೀನಿ. ಮಾಬುನ್ನಮ್ಮಗ ಏನೂ ಹೇಳಬ್ಯಾಡ, ಪಾಪ, ಎದಿ ಒಡ್ಕೊಂತಾಳ," ಎಂದ.

ಏಳು ದಿನ ನಾನು ಹೇಳಲಿಲ್ಲ. ದಿನವೂ ಶಾಲೆಯಿಂದ ಬಂದು, ವಿಚಾರಿಸಿದೆಯಾ ಎಂದು ಕೇಳುತ್ತಿದ್ದೆ. ವಿಚಾರಿಸುತ್ತಿದ್ದೇನೆ ಎನ್ನುತ್ತಿದ್ದ. ಆರು ಸಲ ಕೇಳಿದ್ದೇನೆ. ಅಪ್ಪ ನೋಟನ್ನು ಬಿಡಿಸಿಕೊಂಡು ಬರುತ್ತಾನೆ ಎಂಬ ನಂಬಿಕೆಯಲ್ಲಿ ಬಳ್ಳಾರಿಯವರಿಗೆ ಒಂದು ಕಾಗದವನ್ನೂ ಬರೆದು ಇಟ್ಟಿದ್ದೆ.

ಮುಂದಿನ ಶುಕ್ರವಾರ ನಾನಿ ಬಂದಳು. ಬಾಗಿಲ ಕಡೆ ತಿರುಗಿ ಕೂತಳು. ನಾನು ಆಲ್ಬಮ್ ತೆರೆಯಲಿಲ್ಲ. ಅಪ್ಪನೇ ಎದ್ದುಬಂದು ಹಾಳೆಯನ್ನು ಆಕೆಯ ಕೈಗಿಟ್ಟ. "ಓದು ವಾಣಿ," ಎಂದ. ನಾನು ಓದಿದೆ. ನಾನಿ ಅನುಮಾನದಿಂದಲೇ ಎತ್ತಿದಳು. ಆಕೆಯ ಮುಖ ಅರಳಿದ್ದು ಮೊದಲು ಕಂಡಿತು, ಆಮೇಲೆ ಆಕೆಯ ಕೆನ್ನೆಯ ಮೇಲೆ ಬಿದ್ದ ಎರಡು ಸಣ್ಣ ಬೆಳಕಿನ ಚುಕ್ಕೆಗಳು.

"ಏಕ್! ದೋ! ಅಯ್ಯೋ ಅಲ್ಲಾ, ಕಣ್ಣು ಬಂತು! ಸಿದ್ದಪ್ಪ, ಕಂಡುವು ನೋಡೋ!"

"ನಾ ಹೇಳಿದ್ದಿಲ್ಲೇನು? ಅವತ್ತು ಮೋಡ ಇತ್ತು. ನಿನ್ನ ಕಣ್ಣಿಗೆ ಏನಾಗ್ಯದ?"

"ಹಂಗಾರ ಕ್ಯಾಂಪು ಬ್ಯಾಡ. ಕಣ್ಣಾಗ ಕತ್ತರಿ ಹಾಕ್ತಾರಂತ, ಯಾರು ಹೋಗ್ತಾರ!"

ನಾನು ಆಕೆಯ ಕೈಯಿಂದ ಹಾಳೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಮೇಲಿನದು ದುಂಡಗೆ. ಕೆಳಗಿನದು ಜೀರಿಗೆ ಕಾಳಿನಂತೆ ಉದ್ದ. ಅದನ್ನು ನಾನು ಹೇಳಿದ್ದು ಒಬ್ಬನಿಗೆ ಮಾತ್ರ. ಆ ಒಬ್ಬ ಚಾಪೆಗೆ ಹಿಂತಿರುಗಿ, ಸೂಜಿಗೆ ದಾರ ಪೋಣಿಸುತ್ತಾ, ಕಣ್ಣೆತ್ತದೆ ಕೂತಿದ್ದ.

ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಅಂಟಿನ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಎರಡು ಕಿಲೋಮೀಟರ್ ನಡೀತಾಳ ಅಂತ ಅವರಿಗೆ ಸಂಕಟ ಆಗ್ತಿತ್ತು. ನಾ ಬ್ಯಾಡ ಅಂದೆ. ಬಳ್ಳಾರಿಯಾತ ಆಮ್ಯಾಲ ಎರಡು ಸಲ ಬಂದು ಹೋದ. ನೀ ಸಾಲ್ಯಾಗ ಇದ್ದಿ."

"ಸೈಕಲ್ಲಾ?"

"ಮತ್ತ ಎಲ್ಲಿಂದ ಬರ್ತೈತೆ ವಾಣಿ, ಸೈಕಲ್ಲು?"

ಪುಸ್ತಕದಲ್ಲಿ ನೋಡಿದೆ. ಸೈಕಲ್ ಮೇಲೆ ಹೋದ ದಿನ: ಹತ್ತೊಂಬತ್ತು. ಹತ್ತೊಂಬತ್ತೂ ದಿನ ಸಂತೋಷ ಎಂದು ಬರೆದಿದ್ದೆ. ಅಪ್ಪನ ಎದುರಿಗೆ ಹೋಗಿ ನಿಂತೆ. ಬೈಯಬೇಕೆಂದಿದ್ದೆ, ಅಳುವೇ ಬಂತು. ಅಪ್ಪ ದಾರ ಕಚ್ಚಿ ಹರಿದ.

"ಮುಚ್ಚಿಟ್ಟ ನೋಟು ವಾಣಿ. ಆಕಿಗೆ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ. ನೋಡೀದಿ, ಎಷ್ಟು ಖುಷಿಯಾಗಿ ಹೋದ್ಲು."

"ನಿಮ್ಮದು ನಿಮಗ ತೋರಿಸ್ಬೇಕು ಅಂದಿದ್ದಿಯಲ್ಲಪ್ಪ, ದಲಾಲರಿಗೆ."

"ಅದು ನಡೀಲಾರದ ನೋಟು," ಎಂದ ಅಪ್ಪ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೂವತ್ತೇಳನೆಯ ಹಾಳೆಯನ್ನು ಹಿಡಿದುಕೊಂಡು ಎದುರುಮನೆಗೆ ಹೋದೆ. ನಾನಿ ಹಳೆಯ ಗಾದಿಯ ಹೊಟ್ಟೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಡಿಸುತ್ತಿದ್ದಳು. ಕ್ಯಾಂಪಿಗೆ ಹೋಗು ಎಂದೆ. ಯಾಕೆ ಎಂದಳು. ನಿನ್ನ ಕಣ್ಣು ಸರಿಯಾಗಿಲ್ಲ ಎಂದೆ. ನಕ್ಕಳು. ನಾನು ಮೊದಲ ಸಲ ನನ್ನ ನಿಯಮ ಮುರಿದೆ. ಹಾಳೆಯೊಳಗಿನಿಂದ ನೋಟನ್ನು ಎಳೆದು ಆಕೆಯ ಬರಿಗೈಗೆ ಇಟ್ಟೆ. ಹೆಬ್ಬೆರಳು, ತೋರುಬೆರಳ ನಡುವೆ ಅದು ಒಂದು ಸಲ ಜಾರಿತು, ಅಷ್ಟೇ. ನಗು ನಿಂತಿತು. ಅಷ್ಟು ತಿಂಗಳು ನನ್ನ ಪ್ಲಾಸ್ಟಿಕ್ ಆ ಎರಡು ಬೆರಳುಗಳನ್ನು ದೂರ ಇಟ್ಟಿತ್ತು.

"ಹತ್ತಿ ಅಲ್ಲ ಇದು," ಎಂದಳು.

ನಾನು ಎಲ್ಲವನ್ನೂ ಹೇಳಿದೆ: ಬಳ್ಳಾರಿ, ಸೈಕಲ್, ಸೂಜಿ. ಆಕೆ ಅಪ್ಪನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ನಿನಗ ಯಾವತ್ತು ಗೊತ್ತಾತು ಬೇಟಿ?"

ಬೇರೆ ಹುಡುಗಿಯಾಗಿದ್ದರೆ ನಿನ್ನೆ ಎನ್ನುತ್ತಿದ್ದಳೇನೋ. ನಾನು ದಿನ ಬರೆದಿಡುವವಳು.

"ಹೋದ ಶುಕ್ರವಾರ. ಅಪ್ಪ ಅಂತ ಗೊತ್ತಿರಲಿಲ್ಲ. ನೋಟು ಬದಲಾಗಿದ್ದು ಗೊತ್ತಿತ್ತು."

ಆಕೆ ಬೆರಳು ಮಡಿಚುತ್ತಾ ಎಣಿಸಿದಳು, ತೂತುಗಳನ್ನು ಎಣಿಸುತ್ತಿದ್ದ ಅದೇ ದನಿಯಲ್ಲಿ. ಶುಕ್ರವಾರದಿಂದ ಶುಕ್ರವಾರಕ್ಕೆ, ಎಂಟರವರೆಗೆ ಎಣಿಸಿದಳು.

"ಎಂಟು ದಿನ ನನ್ನ ಕಣ್ಣು ಹೋಗ್ಯಾವ ಅಂತ ತಿಳ್ಕೊಂಡು ಕುಂತಿದ್ದೆ. ನೀ ಎದುರುಮನ್ಯಾಗ ಇದ್ದಿ." ನೋಟನ್ನು ನನ್ನ ಕೈಗೆ ತಿರುಗಿ ಕೊಟ್ಟಳು. "ತಗೋ. ಇದು ನಿಮ್ಮದು."

ಭಾನುವಾರ ಆಕೆ ಕ್ಯಾಂಪಿಗೆ ಹೋದಳು. ಹಸಿರು ಬಟ್ಟೆ ಕಟ್ಟಿಸಿಕೊಂಡು ಬಂದಳು, ಆಮೇಲೆ ಕಪ್ಪು ಕನ್ನಡಕ. ಕಣ್ಣು ಚೆನ್ನಾಗಿ ಬಂತೆಂದು ಓಣಿಯವರು ಹೇಳಿದರು. ತನ್ನ ಕಟ್ಟೆಯ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ಅಲ್ಲಿಂದ ನಮ್ಮ ಪಡಸಾಲೆ ನೇರ ಕಾಣುತ್ತದೆ. ಅಮ್ಮ ಇನ್ನೂ ಮೂರು ಶುಕ್ರವಾರ ಒಗ್ಗಾಣಿಯಲ್ಲಿ ಒಂದು ಪಾಲು ತೆಗೆದಿಟ್ಟಳು. ನಾನು ಶಾಲೆಗೆ ನಡೆದೇ ಹೋದೆ. ಸೈಕಲ್ ಅಂಕಣ ಹತ್ತೊಂಬತ್ತಕ್ಕೇ ನಿಂತಿದೆ. ಅಪ್ಪ ವಾರಕ್ಕೊಮ್ಮೆ ಅದರ ಚಕ್ರಕ್ಕೆ ಗಾಳಿ ಹಾಕಿ ಇಡುತ್ತಿದ್ದ. ಎರಡು ವರ್ಷದ ಮೇಲೆ ನಾನಿ ಮಗಳ ಜೊತೆ ಇರಲು ಎಮ್ಮಿಗನೂರಿಗೆ ಹೋಗಿಬಿಟ್ಟಳು. ಹೋಗುವಾಗ ಅಜ್ಜಿಗೆ, ಅಮ್ಮನಿಗೆ ಹೇಳಿ ಹೋದಳು.

ಅಪ್ಪ ಈಗಲೂ ಅದೇ ಕಿಟಕಿಯ ಕೆಳಗೆ ಹೊಲಿಯುತ್ತಾನೆ. ನಾವು ಮಾತಾಡುತ್ತೇವೆ, ಊಟ, ಕರೆಂಟು, ಅಂಟಿನ ಪಾತ್ರೆ. ನನ್ನ ದಿನಚರಿಯ ಪುಸ್ತಕಗಳನ್ನು ನಾಲ್ಕನೆಯದರಿಂದ ನಾನು ಅಂಗಡಿಯಲ್ಲಿ ಕೊಳ್ಳುತ್ತೇನೆ. ಆಲ್ಬಮ್ ಟ್ರಂಕಿನಲ್ಲಿದೆ. ಇದನ್ನು ಬರೆಯುವ ಮೊದಲು ಮೂವತ್ತೇಳನೆಯದನ್ನು ತೆಗೆದು ಕಿಟಕಿಗೆ ಹಿಡಿದೆ. ಬಣ್ಣ ಮಾಸಿದೆ, ಹಡಗು ಬಹುತೇಕ ಅಳಿಸಿಹೋಗಿದೆ. ಎರಡು ತೂತುಗಳಿಂದ ಮಾತ್ರ ಬೆಳಕು ಚೆನ್ನಾಗಿ ಬರುತ್ತದೆ. ಅಪ್ಪನ ಕೈಕೆಲಸ ಯಾವತ್ತೂ ಅಚ್ಚುಕಟ್ಟು. ಮೇಲಿನದು ದುಂಡಗೆ, ಕೆಳಗಿನದು ಜೀರಿಗೆಯ ಹಾಗೆ. ನಾನು ಹೇಳಿಕೊಟ್ಟ ಹಾಗೆಯೇ.